ಅದೇ ಬಟ್ಟೆ, ಆದರೆ ಅದಲ್ಲ: ಹರಿದ ದುಪ್ಪಟಿಯನ್ನು ಮಕ್ಕಳು ಬಿಡದಿರುವುದು ಯಾಕೆ?

ಜೂನ್ ಮೊದಲ ವಾರ ಹುಬ್ಬಳ್ಳಿಯಿಂದ ತಂಗಿ ಫೋನ್ ಮಾಡಿದಳು. ಅವಳ ಮಗಳಿಗೆ ಮೂರೂವರೆ ವರ್ಷ. ಆಗಷ್ಟೇ ನರ್ಸರಿಗೆ ಸೇರಿಸಿದ್ದರು. ಚೀಲದಲ್ಲಿ ತಿಂಡಿ ಡಬ್ಬಿ, ನೀರಿನ ಬಾಟಲಿ, ಒಂದು ಜೊತೆ ಬಟ್ಟೆ ಇದ್ದರೆ ಸಾಕು ಅಂತ ಟೀಚರ್ ಹೇಳಿದ್ದರಂತೆ. ಮಗು ನಾಲ್ಕನೆಯದೊಂದನ್ನು ತಾನೇ ತುರುಕಿಕೊಂಡಿತ್ತು. ಅದರ ಹೆಸರು ದುಪ್ಪಿ.

ದುಪ್ಪಿ ಅಂದರೆ ದುಪ್ಪಟಿ. ನಮ್ಮ ಅವ್ವನ ಹಳೇ ಇಳಕಲ್ ಸೀರೆಯನ್ನು ಮಡಚಿ ತೊಟ್ಟಿಲಿಗೆ ಅಂತ ಹೊಲಿದದ್ದು. ಈಗ ಅದರಲ್ಲಿ ಎರಡು ಗೇಣು ಉಳಿದಿದೆ. ಒಂದು ಕಾಲದಲ್ಲಿ ಕಡುನೀಲಿ ಇತ್ತು, ಈಗ ಒಲೆಯ ಬೂದಿಯ ಬಣ್ಣ. ಒಂದು ಮೂಲೆ ಜಗಿದು ಜಗಿದು ನೂಲು ನೂಲಾಗಿದೆ. ಮಲಗುವಾಗ ಮಗು ಅಂಚಿನ ಗಟ್ಟಿ ಹೊಲಿಗೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜುತ್ತಾ, ಉಳಿದ ಬಟ್ಟೆಯನ್ನು ಮೂಗಿನ ಕೆಳಗೆ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ, ನಿದ್ದೆ.

ಗಲಾಟೆ ಶುರುವಾದದ್ದು ಶಾಲೆಯಲ್ಲಲ್ಲ, ಮನೆಯಲ್ಲಿ. ತಂಗಿಯ ಅತ್ತೆ ಅದನ್ನು ಸೋಪಿನ ಪುಡಿಯಲ್ಲಿ ನೆನೆಸಿ, ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹಾಕಿಬಿಟ್ಟರು. "ವಾಸನಿ ಬರಾಕತ್ತಿತ್ತು, ಒಗದೆ. ಏನಾತೀಗ?" ಅನ್ನೋದು ಅವರ ಪ್ರಶ್ನೆ. ತಪ್ಪೇನಿಲ್ಲ. ಆದರೆ ರಾತ್ರಿ ಮಗು ಬಟ್ಟೆ ಮೂಸಿ ನೋಡಿ ದೂರ ಎಸೆಯಿತು. "ಇದು ದುಪ್ಪಿ ಅಲ್ಲ" ಅಂತ ಹನ್ನೆರಡು ಗಂಟೆವರೆಗೆ ಅತ್ತಿತು.

ತಂಗಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಇದು ರೂಢಿಯೋ, ರೋಗಾನೋ?"

ರೋಗ ಅಲ್ಲ. ಅಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಅದೇ ಬಟ್ಟೆ ಒಂದು ಒಗೆತದ ನಂತರ ಮಗುವಿಗೆ "ಅದಲ್ಲ" ಅನ್ನಿಸಿದ್ದು ಹೇಗೆ? ಇದನ್ನು ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಜನ ಅಧ್ಯಯನ ಮಾಡುತ್ತಿದ್ದಾರೆ. ಗೊತ್ತಾಗಿರುವುದೂ ಸಾಕಷ್ಟಿದೆ.

ಇದಕ್ಕೆ ಹೆಸರೇನು?

ಕನ್ನಡದಲ್ಲಿ ನಾವು "ಮಗು ಅದನ್ನು ಹಚ್ಚಿಕೊಂಡಿದೆ" ಅನ್ನುತ್ತೇವೆ. ಎಣ್ಣೆ ಹಚ್ಚಿಕೊಂಡ ಹಾಗೆ, ಅರಿಶಿನ ಹಚ್ಚಿಕೊಂಡ ಹಾಗೆ. ಮೈಗೆ ಹತ್ತಿದ್ದು ಸುಲಭಕ್ಕೆ ಬಿಡುವುದಿಲ್ಲ ಅನ್ನೋ ಅರ್ಥ ಆ ಮಾತಿನಲ್ಲೇ ಇದೆ. ನಾನು ಈ ಲೇಖನದಲ್ಲಿ ಅದೇ ಪದ ಬಳಸುತ್ತೇನೆ.

ಮನಶ್ಶಾಸ್ತ್ರದವರು ಇಟ್ಟ ಹೆಸರು ಟ್ರಾನ್ಸಿಷನಲ್ ಆಬ್ಜೆಕ್ಟ್. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ಹಿಡಿದುಕೊಳ್ಳುವ ವಸ್ತು ಅಂತ ಅರ್ಥ. ಹೆಸರಿಟ್ಟವರು ಡೊನಾಲ್ಡ್ ವಿನಿಕಾಟ್, ಲಂಡನ್ನಿನ ಮಕ್ಕಳ ಡಾಕ್ಟರು, ಜೊತೆಗೆ ಮನೋವಿಶ್ಲೇಷಕರು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಗೆ ಹೆದರಿ ಊರು ಬಿಡಿಸಿ ಕಳಿಸಿದ ಮಕ್ಕಳ ಜೊತೆಗೂ ಅವರು ಕೆಲಸ ಮಾಡಿದ್ದರು. 1951ರಲ್ಲಿ ಈ ವಿಷಯದ ಮೇಲೆ ಒಂದು ಪ್ರಬಂಧ ಓದಿದರು, 1953ರಲ್ಲಿ ಅದು ಅಚ್ಚಾಯಿತು.

ದಾಟುವುದು ಅಂದರೆ ಎಲ್ಲಿಂದ ಎಲ್ಲಿಗೆ? ಎಳೆ ಕೂಸಿಗೆ ತಾನು ಬೇರೆ, ಅಮ್ಮ ಬೇರೆ ಅನ್ನುವುದು ಇನ್ನೂ ಸ್ಪಷ್ಟ ಇರುವುದಿಲ್ಲ ಅಂತ ವಿನಿಕಾಟ್ ಭಾವಿಸಿದ್ದರು. ಹಸಿವಾದರೆ ಹಾಲು ಬರುತ್ತದೆ, ಅತ್ತರೆ ಕೈ ಬರುತ್ತದೆ. ತಿಂಗಳು ಕಳೆದಂತೆ ಒಂದು ಸತ್ಯ ಗೊತ್ತಾಗುತ್ತದೆ: ಅಮ್ಮ ಬೇರೆ ಒಬ್ಬಳು, ಅವಳು ಎದ್ದು ಹೋಗಬಲ್ಲಳು. ಎಂಟನೇ ತಿಂಗಳ ಆಸುಪಾಸಿನಲ್ಲಿ ಅಮ್ಮ ಬಚ್ಚಲಿಗೆ ಹೋದರೂ ಮಗು ಬಾಗಿಲ ಹೊರಗೆ ಕೂತು ಕಿರುಚುವುದು ಇದಕ್ಕೇ. ಈ ಗೊತ್ತಾಗುವಿಕೆ ಒಂದು ಹೊಳೆ ಇದ್ದ ಹಾಗೆ. ಆ ದಡದಲ್ಲಿ "ಅಮ್ಮ ಮತ್ತು ನಾನು ಒಂದೇ", ಈ ದಡದಲ್ಲಿ "ನಾನೊಬ್ಬನೇ ಇರಬಲ್ಲೆ".

ಮಲೆನಾಡಿನ ಕಾಲುಸಂಕ ನೋಡಿದ್ದೀರಲ್ಲ? ಅಡಿಕೆ ಮರದ ದಬ್ಬೆ, ಪಕ್ಕಕ್ಕೆ ಹಿಡಿದುಕೊಳ್ಳಲು ಒಂದು ಗಳ. ದುಪ್ಪಿ ಆ ಗಳ. ಅದು ಪೂರ್ತಿ ಅಮ್ಮನೂ ಅಲ್ಲ, ಬರೀ ಬಟ್ಟೆಯೂ ಅಲ್ಲ. ಅಮ್ಮ ಇಲ್ಲದಾಗ ಅಮ್ಮನ ನೆಮ್ಮದಿಯನ್ನು ಸ್ವಲ್ಪ ಕೊಡುತ್ತದೆ. ಆದರೆ ಅಮ್ಮನ ಹಾಗಲ್ಲದೆ, ಮಗು ಹೇಳಿದಂತೆ ಕೇಳುತ್ತದೆ. ಎಲ್ಲಿಟ್ಟರೆ ಅಲ್ಲಿರುತ್ತದೆ. ಜಗಿದರೂ ಬೈಯುವುದಿಲ್ಲ.

ವಿನಿಕಾಟ್ ಗಮನಿಸಿದ ಸಣ್ಣ ಸಂಗತಿಗಳು ಇವತ್ತಿಗೂ ಹೊಂದುತ್ತವೆ. ಮಗು ಅದಕ್ಕೆ ತಾನೇ ಹೆಸರಿಡುತ್ತದೆ, ಹೆಚ್ಚಾಗಿ ದೊಡ್ಡವರ ಮಾತಿನ ಒಂದು ಚೂರು ಆ ಹೆಸರಿನಲ್ಲಿರುತ್ತದೆ (ದುಪ್ಪಟಿ, ದುಪ್ಪಿ). ಮಗು ಅದನ್ನು ಮುದ್ದಿಸುತ್ತದೆ, ಅಷ್ಟೇ ಜೋರಾಗಿ ಎಳೆದಾಡುತ್ತದೆ. ಅದನ್ನು ಬದಲಾಯಿಸುವ ಹಕ್ಕು ಮಗುವಿಗೆ ಮಾತ್ರ. ಕೊಳೆಯಾದರೂ ತಾಯಂದಿರು ಅದನ್ನು ಒಗೆಯದೆ ಬಿಡುತ್ತಾರೆ, ಒಗೆದರೆ ಮಗುವಿನ ಅನುಭವದ ಎಳೆ ಕಡಿದು ಆ ವಸ್ತುವಿನ ಬೆಲೆಯೇ ಹೋಗಿಬಿಡಬಹುದು ಅಂತಲೂ ಬರೆದಿದ್ದಾರೆ. ಇದನ್ನು ತಂಗಿಗೆ ಓದಿ ಹೇಳಿದೆ. "ನಮ್ಮತ್ತಿಗೆ ನೀನ ಹೇಳು" ಅಂದಳು.

ಬಟ್ಟೆಯೇ ಯಾಕೆ, ಚನ್ನಪಟ್ಟಣದ ಬೊಂಬೆ ಯಾಕಲ್ಲ?

ಅರಗಿನ ಬಣ್ಣದ ಚನ್ನಪಟ್ಟಣದ ಕುದುರೆ ಚೆಂದ, ಗಟ್ಟಿ, ಬಾಳಿಕೆಯೂ ಬರುತ್ತದೆ. ಮಕ್ಕಳು ಅದರ ಜೊತೆ ಆಡುತ್ತಾರೆ. ಆದರೆ ಕತ್ತಲಾದ ಮೇಲೆ ಹುಡುಕುವುದು ಸಾಮಾನ್ಯವಾಗಿ ಮೆತ್ತಗಿನದ್ದನ್ನು: ದುಪ್ಪಟಿ, ಟವೆಲ್ಲು, ಟೆಡ್ಡಿ, ಅಮ್ಮನ ಹಳೇ ನೈಟಿ.

ಇದರ ಸುಳಿವು ಒಂದು ಕ್ರೂರ ಪ್ರಯೋಗದಿಂದ ಸಿಕ್ಕಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಎಂಬ ವಿಜ್ಞಾನಿ ರೀಸಸ್ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಸಾಕುತ್ತಿದ್ದರು. ಪಂಜರದ ನೆಲಕ್ಕೆ ಮೆತ್ತಗಿನ ಬಟ್ಟೆ ಹಾಸುತ್ತಿದ್ದರು. ಮರಿಗಳು ಆ ಬಟ್ಟೆಯನ್ನು ಅವುಚಿಕೊಂಡು ಬಿಡುತ್ತಲೇ ಇರಲಿಲ್ಲ. ಸ್ವಚ್ಛ ಮಾಡಲು ತೆಗೆದರೆ ರಂಪ. ಹುಬ್ಬಳ್ಳಿಯ ಆ ರಾತ್ರಿಯದ್ದೇ ಕಥೆ.

ಅದನ್ನು ನೋಡಿಯೇ ಅವರು ಎರಡು ಗೊಂಬೆ ತಾಯಂದಿರನ್ನು ಮಾಡಿಸಿದರು. ಒಂದು ಬರೀ ತಂತಿಯದ್ದು, ಇನ್ನೊಂದಕ್ಕೆ ದಪ್ಪ ಬಟ್ಟೆ ಸುತ್ತಿದ್ದು. ಆಗಿನ ನಂಬಿಕೆ ಏನೆಂದರೆ, ಮರಿ ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿಗಾಗಿ. ಹಾಗಾದರೆ ಹಾಲಿನ ಬಾಟಲಿ ಯಾವ ಗೊಂಬೆಗಿದೆಯೋ ಮರಿ ಅಲ್ಲೇ ಇರಬೇಕಿತ್ತು. ಹಾಗಾಗಲಿಲ್ಲ. ತಂತಿ ತಾಯಿಯ ಹತ್ತಿರ ಹಾಲು ಕುಡಿದು, ಓಡಿ ಬಂದು ಬಟ್ಟೆ ತಾಯಿಯನ್ನು ತಬ್ಬಿ ಕೂರುತ್ತಿತ್ತು. ದಿನದ ಹೆಚ್ಚು ಹೊತ್ತು ಅಲ್ಲೇ. ಹಾರ್ಲೋ ಇದನ್ನು 1958ರಲ್ಲಿ ಪ್ರಕಟಿಸಿದರು. ಆ ಮರಿಗಳು ಪಟ್ಟ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಹೊಟ್ಟೆ ತುಂಬಿದರಷ್ಟೇ ಸಾಲದು, ಮೆತ್ತಗಿನ ಸ್ಪರ್ಶ ಬೇರೆಯದೇ ಒಂದು ಹಸಿವು ಅನ್ನುವುದು ಅದರಿಂದ ಗಟ್ಟಿಯಾಯಿತು.

ಚರ್ಮದ ಲೆಕ್ಕವೂ ಇದೆ. ನಮ್ಮ ಕೂದಲಿರುವ ಚರ್ಮದಲ್ಲಿ, ಅಂದರೆ ತೋಳು, ಕೆನ್ನೆ ಇಂಥ ಕಡೆ, ಒಂದು ಜಾತಿಯ ನಿಧಾನದ ನರಗಳಿವೆ. ಸೂಜಿ ಚುಚ್ಚಿದರೆ ತಟ್ಟನೆ ಸುದ್ದಿ ಮುಟ್ಟಿಸುವ ನರಗಳಲ್ಲ ಇವು. ಇವುಗಳ ಕೆಲಸ ನೇವರಿಕೆಯನ್ನು ಗುರುತಿಸುವುದು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯಷ್ಟೇ ಬೆಚ್ಚಗಿರುವ ವಸ್ತು ಮೆಲ್ಲಗೆ ಸವರಿದರೆ ಅವು ಚೆನ್ನಾಗಿ ಸ್ಪಂದಿಸುತ್ತವೆ. ಅಜ್ಜಿ ತಲೆ ಸವರುವ ವೇಗ ಹೆಚ್ಚುಕಡಿಮೆ ಅಷ್ಟೇ. ಮಗು ದುಪ್ಪಟಿಯನ್ನು ಕೆನ್ನೆಗೆ ಉಜ್ಜಿಕೊಳ್ಳುವಾಗ ತನಗೆ ತಾನೇ ಅಜ್ಜಿಯಾಗಿರುತ್ತದೆ.

ಹಳೇ ಬಟ್ಟೆಯೇ ಯಾಕೆ ಮೆತ್ತಗೆ ಅನ್ನುವುದೂ ಗೊತ್ತಿರುವುದೇ. ಹೊಸ ಹತ್ತಿ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ನೂಲು ಬಿಗಿಯಾಗಿ ಹುರಿಗೊಂಡಿರುತ್ತದೆ. ಒಗೆದು, ಹಿಂಡಿ, ಉಟ್ಟು, ಮತ್ತೆ ಒಗೆದಾಗ ಗಂಜಿ ಹೋಗುತ್ತದೆ, ಹುರಿ ಸಡಿಲವಾಗುತ್ತದೆ, ಎಳೆಗಳು ಸವೆದು ಸಣ್ಣ ಸಣ್ಣ ರೋಮಗಳಾಗಿ ಮೇಲೇಳುತ್ತವೆ. ಅದೇ ಆ ಮೆದು. ಬಟ್ಟೆಯನ್ನು ಮೆತ್ತಗೆ ಮಾಡುವ ಸವೆತವೇ ಕೊನೆಗೆ ಅದನ್ನು ಹರಿಯುತ್ತದೆ. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕದೆ ಅಜ್ಜನ ಹಳೇ ಧೋತರ, ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತುವುದು ಇದಕ್ಕೇ ಇರಬೇಕು. ಶಾಸ್ತ್ರ ಅಂತಾರೆ, ಆದರೆ ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ.

ಒಗೆದರೆ ಯಾಕೆ "ಅದಲ್ಲ" ಆಗುತ್ತದೆ?

ಇದಕ್ಕೆ ಉತ್ತರ ಮೂಗಿನಲ್ಲಿದೆ.

ಕಣ್ಣು, ಕಿವಿ, ಚರ್ಮದಿಂದ ಹೊರಟ ಸುದ್ದಿ ಮಿದುಳಿನಲ್ಲಿ ಮೊದಲು ಥಲಾಮಸ್ ಎಂಬ ಜಾಗಕ್ಕೆ ಹೋಗುತ್ತದೆ. ಅದೊಂದು ಅಂಚೆ ಕಚೇರಿ ಅಂದುಕೊಳ್ಳಿ. ಅಲ್ಲಿ ವಿಂಗಡಣೆಯಾಗಿ ಮುಂದಕ್ಕೆ ಹೋಗಬೇಕು. ವಾಸನೆಗೆ ಮಾತ್ರ ಹಿತ್ತಲ ಬಾಗಿಲಿದೆ. ಮೂಗಿನಿಂದ ಹೊರಟದ್ದು ಅಂಚೆ ಕಚೇರಿಗೆ ಹೋಗದೆಯೇ, ಭಾವನೆ ಮತ್ತು ನೆನಪು ನೋಡಿಕೊಳ್ಳುವ ಭಾಗಗಳಿಗೆ ಬೇಗ ತಲುಪುತ್ತದೆ. ಅದಕ್ಕೇ ಒಂದು ವಾಸನೆ ಬಂದಾಗ ಏನು, ಎಲ್ಲಿಯದು ಅಂತ ಹೊಳೆಯುವ ಮೊದಲೇ ಎದೆಯಲ್ಲಿ ಏನೋ ಆಗಿರುತ್ತದೆ. ಮೊದಲ ಮಳೆಯ ಮಣ್ಣು, ಮುಚ್ಚಿಟ್ಟ ಟ್ರಂಕಿನ ನುಸಿಗುಳಿಗೆ, ಯಾವುದು ಬೇಕಾದರೂ ನೆನೆಸಿಕೊಳ್ಳಿ.

ಎಳೆ ಕೂಸಿಗಂತೂ ಮೂಗೇ ದಾರಿದೀಪ. 1975ರಲ್ಲಿ ಏಡನ್ ಮ್ಯಾಕ್‌ಫರ್ಲೇನ್ ಎಂಬ ಬ್ರಿಟಿಷ್ ವೈದ್ಯರು ಸರಳವಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ತಾಯಂದಿರು ಎದೆಹಾಲು ಸೋರದಂತೆ ಒಳಗೆ ಇಟ್ಟುಕೊಳ್ಳುವ ಬಟ್ಟೆ ಪ್ಯಾಡುಗಳನ್ನು ಕೂಸಿನ ತಲೆಯ ಎರಡೂ ಪಕ್ಕ ಹಿಡಿದರು. ಒಂದು ಕಡೆ ತನ್ನ ತಾಯಿಯದು, ಇನ್ನೊಂದು ಕಡೆ ಬೇರೆ ತಾಯಿಯದು. ವಾರದ ಕೂಸುಗಳು ತನ್ನ ತಾಯಿಯ ಪ್ಯಾಡಿನ ಕಡೆಗೇ ಜಾಸ್ತಿ ಹೊತ್ತು ಮುಖ ತಿರುಗಿಸಿದವು. ಎರಡೂ ಬಟ್ಟೆ ನೋಡಲು ಒಂದೇ. ಕೂಸು ಆರಿಸಿಕೊಂಡದ್ದು ವಾಸನೆಯಿಂದ.

ಈಗ ದುಪ್ಪಿಗೆ ಬನ್ನಿ. ಅದರಲ್ಲಿ ಏನೇನಿತ್ತು? ಮಗುವಿನದೇ ಜೊಲ್ಲು, ಅಮ್ಮನ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಚೆಲ್ಲಿದ ಹಾಲು, ಸಾಂಬ್ರಾಣಿ ಹೊಗೆ, ಮೂರೂವರೆ ವರ್ಷದ್ದು ಎಲ್ಲಾ. ಅತ್ತೆಯವರಿಗೆ ಇದು ಕೊಳೆ. ಮಗುವಿಗೆ ಇದೇ ದುಪ್ಪಿ. ಬಟ್ಟೆ ಬರೀ ಪಾತ್ರೆ. ಸೋಪಿನ ಪುಡಿ ಪಾತ್ರೆಯನ್ನು ಉಳಿಸಿ, ಒಳಗಿದ್ದದ್ದನ್ನು ಚೆಲ್ಲಿತು. ಮಗು ಹೇಳಿದ್ದು ಹಟವಲ್ಲ. ಅದರ ಲೆಕ್ಕದಲ್ಲಿ ಸರಿಯಾದ ವರದಿ.

ಅಂಥದ್ದು ಬೇಡ, ಅದೇ ಬೇಕು

ಹೊಸದು ಕೊಡಿಸಿದರೆ ಸರಿಹೋಗುತ್ತದೆ ಅಂತ ತಂಗಿಯ ಗಂಡ ಅಂಗಡಿಯಿಂದ ಮೊಲದ ಚಿತ್ರದ ಮೆತ್ತಗಿನ ಹೊದಿಕೆ ತಂದರು. ಅದು ಈಗ ಸೋಫಾ ಮೇಲಿದೆ.

2008ರಲ್ಲಿ ಬ್ರೂಸ್ ಹುಡ್, ಪಾಲ್ ಬ್ಲೂಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದಿದೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ಪುಟ್ಟ ಮಕ್ಕಳ ಮುಂದೆ ಎರಡು ಪೆಟ್ಟಿಗೆ, ದೀಪ, ಗುಂಡಿ ಇರುವ ಯಂತ್ರ ಇಟ್ಟರು. ಒಂದು ಪೆಟ್ಟಿಗೆಯಲ್ಲಿ ವಸ್ತು ಇಟ್ಟು ಗುಂಡಿ ಒತ್ತಿದರೆ ಇನ್ನೊಂದರಲ್ಲಿ ಅದರ ತದ್ರೂಪು ಬರುತ್ತದೆ ಅಂತ ತೋರಿಸಿದರು. ನಿಜಕ್ಕೂ ಅದು ಜಾದೂಗಾರನ ಕೈಚಳಕ, ಹಿಂದಿನಿಂದ ಒಬ್ಬರು ಇನ್ನೊಂದು ಗೊಂಬೆ ಇಡುತ್ತಿದ್ದರು. ಮಕ್ಕಳು ನಂಬಿದರು. ಸಾಮಾನ್ಯ ಆಟಿಕೆ ಇಟ್ಟ ಮಕ್ಕಳಲ್ಲಿ ಹೆಚ್ಚಿನವರು ಯಂತ್ರದಿಂದ ಬಂದ "ಹೊಸ" ಪ್ರತಿಯನ್ನೇ ಆರಿಸಿಕೊಂಡರು. ಮಜಾ ಅಲ್ವಾ, ಯಂತ್ರದಿಂದ ಬಂದದ್ದು! ಆದರೆ ದಿನಾ ಅವುಚಿಕೊಂಡು ಮಲಗುವ ಗೊಂಬೆ, ಹೊದಿಕೆ ತಂದಿದ್ದ ಮಕ್ಕಳಲ್ಲಿ ಹೆಚ್ಚಿನವರು ತಮ್ಮ ಹಳೆಯದನ್ನೇ ವಾಪಸ್ ಕೇಳಿದರು. ಕೆಲವರಂತೂ ಅದನ್ನು ಯಂತ್ರದೊಳಗೆ ಇಡಲೇ ಬಿಡಲಿಲ್ಲ.

ತದ್ರೂಪು ಅಂದರೆ ಒಂದೇ ಆಕಾರ, ಒಂದೇ ಬಣ್ಣ. ಆದರೂ ಬೇಡ. ಅಂದರೆ ಮಗು ಬೆಲೆ ಕಟ್ಟುತ್ತಿರುವುದು ಕಣ್ಣಿಗೆ ಕಾಣುವುದಕ್ಕಲ್ಲ, ಆ ವಸ್ತು ಎಲ್ಲೆಲ್ಲಿ ತನ್ನ ಜೊತೆ ಇತ್ತು ಅನ್ನುವುದಕ್ಕೆ. ಆ ಚರಿತ್ರೆಯನ್ನು ಯಂತ್ರ ನಕಲು ಮಾಡಲಾರದು.

ಮಕ್ಕಳು ಮಾತ್ರ ಹೀಗೆ ಅಂದುಕೊಳ್ಳಬೇಡಿ. ನಿಮ್ಮ ಜೇಬಿನ 500 ರೂಪಾಯಿ ನೋಟನ್ನು ಇನ್ನೊಂದು 500ರ ನೋಟಿಗೆ ಬದಲಿಸಿದರೆ ನಿಮಗೇನೂ ಅನ್ನಿಸುವುದಿಲ್ಲ. ಅಮ್ಮನ ತಾಳಿಯನ್ನು ಅಷ್ಟೇ ತೂಕದ, ಅಷ್ಟೇ ಶುದ್ಧ ಚಿನ್ನದ, ಅದೇ ವಿನ್ಯಾಸದ ಇನ್ನೊಂದಕ್ಕೆ ಬದಲಿಸಿಕೊಡುತ್ತೇನೆ ಅಂದು ನೋಡಿ. ಅಕ್ಕಸಾಲಿಗನ ತಕ್ಕಡಿಯಲ್ಲಿ ಎರಡೂ ಒಂದೇ. ಮನೆಯಲ್ಲಿ ಅಲ್ಲ.

ಅದೇ ಹುಡ್ ಮತ್ತು ಸಂಗಡಿಗರು 2010ರಲ್ಲಿ ದೊಡ್ಡವರನ್ನೂ ಪರೀಕ್ಷಿಸಿದರು. ಬಾಲ್ಯದಿಂದ ಹಚ್ಚಿಕೊಂಡ ವಸ್ತುವಿನ ಫೋಟೋವನ್ನು ಕತ್ತರಿಯಿಂದ ಕತ್ತರಿಸಲು ಹೇಳಿದರು. ವಸ್ತುವನ್ನಲ್ಲ, ಬರೀ ಫೋಟೋವನ್ನು. ಕತ್ತರಿಸುವಾಗ ಚರ್ಮದ ಬೆವರಿನಲ್ಲಾಗುವ ಸೂಕ್ಷ್ಮ ಬದಲಾವಣೆಯನ್ನು ಅಳೆದರು. ಗಾಬರಿಯಾದಾಗ ಕೈ ಬೆವರುತ್ತದಲ್ಲ, ಅದರ ಅಳತೆ. ಬೇರೆ ವಸ್ತುಗಳ ಫೋಟೋ ಕತ್ತರಿಸಿದಾಗಿಗಿಂತ ಆಗ ಬೆವರು ಜಾಸ್ತಿ. ಕಾಗದಕ್ಕೆ ಕತ್ತರಿ ಹಾಕಿದರೆ ಗೊಂಬೆಗೆ ನೋವಾಗುವುದಿಲ್ಲ ಅಂತ ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ.

ಎಲ್ಲಾ ದೇಶದ ಮಕ್ಕಳೂ ಹೀಗೇನಾ?

ಇಲ್ಲ. 1970ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಹಳ್ಳಿಯ ಮಕ್ಕಳಲ್ಲಿ ಇಂಥ ವಸ್ತು ಹಚ್ಚಿಕೊಂಡವರು ತೀರಾ ಕಡಿಮೆ, ರೋಮ್ ನಗರದಲ್ಲಿ ಅದಕ್ಕಿಂತ ಜಾಸ್ತಿ, ರೋಮ್‌ನಲ್ಲೇ ಇದ್ದ ವಿದೇಶಿ ಕುಟುಂಬಗಳ ಮಕ್ಕಳಲ್ಲಿ ಇನ್ನೂ ಜಾಸ್ತಿ ಅಂತ ಕಂಡಿತು. ಕೊರಿಯಾ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದಾಗ ಕೊರಿಯಾದಲ್ಲಿ ಕಡಿಮೆ. ಟೋಕಿಯೋ ಮತ್ತು ನ್ಯೂಯಾರ್ಕ್ ಹೋಲಿಸಿದಾಗ ಟೋಕಿಯೋದಲ್ಲಿ ಕಡಿಮೆ.

ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ: ಮಗು ಎಲ್ಲಿ ಮಲಗುತ್ತದೆ? ಬೇರೆ ಕೋಣೆಯಲ್ಲಿ ಒಂದೇ ಮಲಗುವ ಮಗುವಿಗೆ ರಾತ್ರಿ ಹಿಡಿದುಕೊಳ್ಳಲು ಏನಾದರೂ ಬೇಕು. ಅಮ್ಮನ ಪಕ್ಕದಲ್ಲೇ ಮಲಗುವ ಮಗುವಿಗೆ ಅಮ್ಮನೇ ಇದ್ದಾಳೆ. ನಮ್ಮ ಮನೆಗಳನ್ನು ನೋಡಿ. ಎಷ್ಟೋ ಮಕ್ಕಳು ಅಮ್ಮನ ಕಿವಿ ಹಿಡಿದುಕೊಂಡು, ಮೊಣಕೈಯ ಸಡಿಲ ಚರ್ಮ ಜಿಗುಟುತ್ತಾ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಮಲಗುತ್ತವೆ. ನನ್ನ ಗೆಳೆಯನೊಬ್ಬ ಏಳು ವರ್ಷದವರೆಗೆ ಅಜ್ಜಿಯ ಕಿವಿಯ ತೂತಿನಲ್ಲಿ ಬೆರಳಿಟ್ಟೇ ಮಲಗುತ್ತಿದ್ದನಂತೆ. ಅಜ್ಜಿ ಅದಕ್ಕೆಂದೇ ರಾತ್ರಿ ಬೆಂಡೋಲೆ ಬಿಚ್ಚಿಡುತ್ತಿದ್ದರು. ಅಂಥವರಿಗೆ ವಸ್ತು ಬೇಕಾಗದೇ ಇರಬಹುದು.

ಹಾಗಾಗಿ ಹಚ್ಚಿಕೊಂಡ ಮಗು ಪುಕ್ಕಲು, ಹಚ್ಚಿಕೊಳ್ಳದ ಮಗು ಧೈರ್ಯಶಾಲಿ ಅನ್ನುವ ಲೆಕ್ಕ ತಪ್ಪು. 1975ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಪಾಸ್‌ಮನ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳನ್ನು ಹೊಸ ಕೋಣೆಗೆ ಬಿಟ್ಟು ನೋಡಿದರು. ಹೊದಿಕೆ ಹಚ್ಚಿಕೊಂಡಿದ್ದ ಮಕ್ಕಳು ಅದು ಜೊತೆಗಿದ್ದಾಗ, ಅಮ್ಮ ಜೊತೆಗಿದ್ದಷ್ಟೇ ಆರಾಮಾಗಿ ಆಡಿದರು, ಮೂಲೆ ಮೂಲೆ ಹುಡುಕಿದರು. ದುಪ್ಪಿ ಶಾಲೆ ಚೀಲಕ್ಕೆ ಹೋದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ದೊಡ್ಡವರಾದ ಮೇಲೂ ಬಿಡದಿದ್ದರೆ?

ಈ ವಸ್ತುಗಳ ಕೊನೆ ಹೇಗಿರುತ್ತದೆ ಅನ್ನುವ ಬಗ್ಗೆ ವಿನಿಕಾಟ್ ಮಾತು ನೆನಪಿಡುವಂಥದ್ದು. ಮಗು ಅದನ್ನು ಮರೆಯುವುದಿಲ್ಲ, ಅದಕ್ಕಾಗಿ ಅಳುವುದೂ ಇಲ್ಲ. ಅದು ಮೆಲ್ಲಗೆ ಅರ್ಥ ಕಳೆದುಕೊಂಡು ಮೂಲೆ ಸೇರುತ್ತದೆ. ಸಂಕ ದಾಟಿದ ಮೇಲೆ ಗಳವನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ.

ಆದರೆ ಎಷ್ಟೋ ಜನ ಅದನ್ನು ಬಿಸಾಡುವುದೂ ಇಲ್ಲ. ಗೋದ್ರೇಜ್ ಬೀರುವಿನ ಕೆಳಗಿನ ಖಾನೆಯಲ್ಲಿ, ಮದುವೆ ಆಲ್ಬಂ ಹಿಂದೆ, ಒಂದು ಕಣ್ಣಿಲ್ಲದ ಕರಡಿ ಇರುತ್ತದೆ. ಈ ವಯಸ್ಸಿನಲ್ಲಿ ಅದು ಮಾಡುವ ಕೆಲಸವೇ ಬೇರೆ. ಮೂರು ವರ್ಷಕ್ಕಿಂತ ಹಿಂದಿನದು ನಮಗೆ ಹೆಚ್ಚುಕಡಿಮೆ ಏನೂ ನೆನಪಿರುವುದಿಲ್ಲ. ನಾವು ಇದ್ದೆವು, ನಮ್ಮನ್ನು ಎತ್ತಿ ಆಡಿಸಿದರು ಅನ್ನುವುದೆಲ್ಲ ಬೇರೆಯವರು ಹೇಳಿದ್ದು. ಆ ಕಾಲದಲ್ಲಿ ನಮ್ಮ ಜೊತೆಗಿದ್ದು, ಈಗಲೂ ಕೈಗೆ ಸಿಗುವ ಸಾಕ್ಷಿ ಅಂದರೆ ಆ ಕರಡಿ. ಅದರ ಕಿತ್ತ ಕಣ್ಣು ನಮ್ಮದೇ ಕೆಲಸ.

ಇನ್ನೊಂದು ಸಂಗತಿಯೂ ಇದರಲ್ಲಿ ಸೇರಿಕೊಂಡಿದೆ. ನಮ್ಮದು ಅಂತಾದ ಕೂಡಲೇ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರುತ್ತದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟರು, ಆಮೇಲೆ ಮಾರುತ್ತೀರಾ ಅಂತ ಕೇಳಿದರು. ಮಗ್ ಸಿಕ್ಕವರು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು. ಕೈಗೆ ಬಂದು ಸ್ವಲ್ಪ ಹೊತ್ತಾದ ಮಗ್‌ಗೇ ಹೀಗಾದರೆ, ಮೂವತ್ತು ವರ್ಷದ ಕರಡಿಯ ಗತಿ ಹೇಳಬೇಕಾ.

ಇದನ್ನೂ ಕಸ ಕೂಡಿಡುವ ಕಾಯಿಲೆಯನ್ನೂ ಒಂದೇ ಮಾಡಬಾರದು. ಓಡಾಡಲು ಜಾಗವಿಲ್ಲದಷ್ಟು ಸಾಮಾನು ತುಂಬಿದರೂ ಒಂದು ಪ್ಲಾಸ್ಟಿಕ್ ಚೀಲವನ್ನೂ ಬಿಸಾಡಲಾಗದೆ ಒದ್ದಾಡುವವರಿದ್ದಾರೆ. ಅದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಪ್ರತ್ಯೇಕ ಕಾಯಿಲೆ ಅಂತ ಸೇರಿಸಿತು, ಅದಕ್ಕೆ ಚಿಕಿತ್ಸೆಯೂ ಇದೆ. ಎಲ್ಲವನ್ನೂ ಹಿಡಿದುಕೊಳ್ಳುವುದು ಅದು. ಸಾವಿರದರಲ್ಲಿ ಒಂದನ್ನು ಹಿಡಿದುಕೊಳ್ಳುವುದು ಇದು.

ಕೌದಿಯ ಲೆಕ್ಕ

ಹರಿದದ್ದನ್ನು ಬಿಸಾಡಲೂ ಆಗದು, ಹಾಗೇ ಇಡಲೂ ಆಗದು ಅನ್ನುವ ಪೇಚಿಗೆ ಉತ್ತರ ಕರ್ನಾಟಕದ ಹೆಂಗಸರು ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಹಳೇ ಸೀರೆ, ಧೋತರ, ಮಕ್ಕಳ ಅಂಗಿ, ಕುಪ್ಪಸದ ತುಂಡು ಎಲ್ಲ ಪದರ ಪದರ ಹಾಸಿ, ಉದ್ದಕ್ಕೂ ಸಾಲು ಸಾಲು ಕೈಹೊಲಿಗೆ ಹಾಕಿದರೆ ಕೌದಿ. ಸವೆದರೆ ಬಿಸಾಡುವುದಿಲ್ಲ. ಮೇಲೊಂದು ಪದರ ಹಚ್ಚಿ ಮತ್ತೆ ಹೊಲಿಯುತ್ತಾರೆ. ಹಳೆಯದು ಒಳಗೆ ಹೋಗುತ್ತದೆ, ಕಳೆದುಹೋಗುವುದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿ ಇನ್ನೂ ಬೇರೆ ಥರ. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಪುಟ್ಟ ಬಟ್ಟೆಯ ಹೂವು ಹಚ್ಚುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬೋಳು ಬೋಳು, ಮುಗಿದ ಲೆಕ್ಕಕ್ಕೆ ಬರುವುದಿಲ್ಲ.

ಯಂತ್ರದ ಪ್ರಯೋಗ ಹೇಳಿದ್ದನ್ನೇ ಕೌದಿ ಇನ್ನೊಂದು ದಾರಿಯಲ್ಲಿ ಹೇಳುತ್ತದೆ. ಇಡೀ ಸೀರೆ ಉಳಿಯಬೇಕಾಗಿಲ್ಲ. ಆ ಸೀರೆಯದೇ ಒಂದು ಗೇಣು ಇದ್ದರೆ ಸಾಕು. ಆದರೆ ಅದರದೇ ಆಗಿರಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡೋದು?

ಒಂದು ವರ್ಷದೊಳಗಿನ ಕೂಸು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತಗಿನ ಗೊಂಬೆ ಬಿಡಬೇಡಿ, ಉಸಿರುಗಟ್ಟುವ ಅಪಾಯ ಇದೆ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಹಚ್ಚಿಕೊಳ್ಳುವುದೆಲ್ಲ ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು. ದೊಡ್ಡ ಮಕ್ಕಳ ವಿಷಯದಲ್ಲೂ ಗೊಂಬೆಯ ಗುಂಡಿ, ಕಣ್ಣು ಸಡಿಲವಾಗಿದ್ದರೆ ಕಿತ್ತು ದಾರದಿಂದ ಹೊಲಿದುಬಿಡಿ.

ಒಗೆಯಲೇಬೇಕಾದರೆ ಮಗುವಿಗೆ ಹೇಳಿ ಒಗೆಯಿರಿ. ಘಮಘಮ ಪುಡಿ ಬೇಡ, ವಾಸನೆಯಿಲ್ಲದ ಸೌಮ್ಯ ಸೋಪು ಸಾಕು. ಒಣಗಿದ ಮೇಲೆ ಅಮ್ಮ ಒಂದು ರಾತ್ರಿ ತನ್ನ ದಿಂಬಿನ ಮೇಲೆ ಹಾಸಿಕೊಂಡು ಮಲಗಿ ಕೊಟ್ಟರೆ ವಾಸನೆ ಸ್ವಲ್ಪ ಮರಳುತ್ತದೆ. ಬಟ್ಟೆ ದೊಡ್ಡದಿದ್ದರೆ ಮೊದಲೇ ಎರಡು ತುಂಡು ಮಾಡಿ ಸರದಿಯಲ್ಲಿ ಕೊಡಬಹುದು, ಒಂದು ಒಗೆತಕ್ಕೆ ಹೋದಾಗ ಇನ್ನೊಂದು ಇರುತ್ತದೆ. ಮೂರೂವರೆ ವರ್ಷಕ್ಕೆ ಈ ಉಪಾಯ ತಡವಾಯಿತು, ಕತ್ತರಿ ಕಂಡರೆ ಸಾಕು, ಊರೇ ಒಂದಾಗುತ್ತದೆ.

ಬಚ್ಚಿಡುವುದು, ಬೇರೆ ಮಕ್ಕಳ ಮುಂದೆ ಹಂಗಿಸುವುದು ಬೇಡ. ಶಾಲೆಯಲ್ಲಿ ಚೀಲದೊಳಗೇ ಇರಲಿ ಅಂತ ಒಪ್ಪಂದ ಮಾಡಿಕೊಳ್ಳಬಹುದು. ಎಷ್ಟೋ ಮಕ್ಕಳಿಗೆ ಅದು ಹತ್ತಿರ ಇದೆ ಅಂತ ಗೊತ್ತಿದ್ದರೆ ಸಾಕು, ಮುಟ್ಟಲೂ ಬೇಕಾಗುವುದಿಲ್ಲ.

ದೊಡ್ಡವರು ತಮ್ಮದನ್ನು ಎತ್ತಿಡುವುದಾದರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ. ಮಳೆಗಾಲದ ತೇವ ಒಳಗೇ ನಿಂತು ಬೂಷ್ಟು ಬರುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮಡಿಕೆ ಬಿದ್ದ ಗೆರೆಯಲ್ಲೇ ಬಟ್ಟೆ ಮೊದಲು ಹರಿಯುವುದರಿಂದ ಮಡಚುವ ಬದಲು ಸುರುಳಿ ಸುತ್ತಿಡುವುದು ಒಳ್ಳೆಯದು. ವರ್ಷಕ್ಕೊಮ್ಮೆ ತೆಗೆದು ನೆರಳಲ್ಲಿ ಗಾಳಿಯಾಡಿಸಿ. ನೇರ ಬಿಸಿಲು ಉಳಿದ ಬಣ್ಣವನ್ನೂ ತಿನ್ನುತ್ತದೆ.

ಹುಬ್ಬಳ್ಳಿಯಲ್ಲಿ ದುಪ್ಪಿ ನಾಲ್ಕನೇ ದಿನಕ್ಕೆ ಮತ್ತೆ ದುಪ್ಪಿಯಾಯಿತು. ಮೊದಲ ಮೂರು ರಾತ್ರಿ ಮಗು ಅದನ್ನು ಬರೀ ಕಾಲಡಿ ಇಟ್ಟುಕೊಂಡಿತ್ತಂತೆ. ಹೋದ ವಾರ ಅತ್ತೆಯವರೇ ಸೂಜಿ ದಾರ ತಂದು, ನೂಲು ನೂಲಾದ ಮೂಲೆಗೆ ತಮ್ಮದೇ ಹಳೇ ಕುಪ್ಪಸದ ತುಂಡೊಂದನ್ನು ಹಚ್ಚಲು ಕೂತರು. ಮಗು ಪಕ್ಕದಲ್ಲೇ ಕೂತು ಕಾದಿತ್ತು. ದುಪ್ಪಿಯ ಈ ತುದಿ ಅತ್ತೆಯವರ ತೊಡೆಯ ಮೇಲೆ, ಆ ತುದಿ ಅದರ ಮುಷ್ಟಿಯೊಳಗೆ. ಮುಗಿದ ಕೂಡಲೇ ಹೊಸ ತುಂಡನ್ನು ಮೂಗಿಗೆ ಹಿಡಿದು ನೋಡಿತು. ತಂಗಿ ಉಸಿರು ಬಿಗಿಹಿಡಿದು ನಿಂತಿದ್ದಳಂತೆ.

"ಅಮ್ಮೀ ವಾಸನಿ" ಅಂದಿತು ಮಗು. ಅವರ ಮನೆಯಲ್ಲಿ ಅಜ್ಜಿಗೆ ಅಮ್ಮೀ ಅಂತಾರೆ.